ರಿವರ್ಸ್ ಅಂತೂ ಬೆಣ್ಣೆ

ಭಾನುವಾರ ಬೆಳಿಗ್ಗೆ ಏಳೂವರೆಗೆ ಗಣಿತದ ಮೇಷ್ಟ್ರು ವರದರಾಜರು ತಮ್ಮ ಕಾರನ್ನು ಕಾಂಪೌಂಡಿನಿಂದ ಹಿಂದಕ್ಕೆ ತೆಗೆದು ರಸ್ತೆಗಿಳಿಸಿ, ಮುಂದಕ್ಕೆ ಹೋಗಲು ಗೇರನ್ನು ‘ಡಿ’ಗೆ ಎಳೆದು ಆಕ್ಸಿಲರೇಟರ್ ಒತ್ತಿದರು. ಇಂಜಿನ್ ಗರ್ಜಿಸಿತು. ಕಾರು ಕದಲಲಿಲ್ಲ. ಇನ್ನಷ್ಟು ಒತ್ತಿದರು. ಇನ್ನಷ್ಟು ಗರ್ಜಿಸಿತು. ಕುರ್ಚಿ ಬಿಟ್ಟೇಳದೆ ಕೂತಲ್ಲಿಂದಲೇ ಕೂಗಾಡುವ ತಮ್ಮ ಹೆಡ್‌ಮಾಸ್ಟರು ನೆನಪಾಗಿ ಅವರಿಗೆ ಮೈಯೆಲ್ಲ ಉರಿಯಿತು.

ಎಂಟು ಜನ ಕೂರುವ ಆ ಬಿಳಿ ಎಸ್‌ಯುವಿಯನ್ನು ಅವರು ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡು ಎರಡು ತಿಂಗಳಾಗಿತ್ತು. ಎಡಮಂಡಿ ಸವೆದಿದೆ, ಇನ್ನು ಕ್ಲಚ್ ತುಳಿಯಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಹುಡುಕಿ ಹುಡುಕಿ ಆಟೋಮ್ಯಾಟಿಕ್ ಗಾಡಿಯನ್ನೇ ತಂದಿದ್ದರು. ಹೆಂಡತಿ ಅಲಮೇಲು ಬೇಡವೆಂದಿದ್ದಳು. ಮುಂದಿನ ಭಾನುವಾರ ಬೀಗರನ್ನೆಲ್ಲ ಕೂರಿಸಿಕೊಂಡು ಮೇಲುಕೋಟೆಗೆ ಹೋಗುವುದೆಂದು ಮೇಷ್ಟ್ರು ಊರಿಗೆಲ್ಲ ಹೇಳಿಯೂ ಆಗಿತ್ತು.

“ನಾನು ಆವತ್ತೇ ಹೇಳಿದ್ದೆ,” ಎಂದಳು ಅಲಮೇಲು ಗೇಟಿನಿಂದ.

“ಏನು ಹೇಳಿದ್ದೆ? ಗೇರ್‌ಬಾಕ್ಸ್ ಕೆಡುತ್ತೆ ಅಂತ ಹೇಳಿದ್ಯಾ?”

“ಗಾಡೀನೇ ಬೇಡ ಅಂದಿದ್ದೆ. ಅದರೊಳಗೆ ಗೇರ್‌ಬಾಕ್ಸೂ ಬಂತಲ್ಲ!”

ಇಂಜಿನ್ನಿನ ಸದ್ದಿಗೆ ಎದುರುಮನೆಯ ಶೀನಣ್ಣ ಪ್ರತ್ಯಕ್ಷರಾದರು. ಬ್ಯಾಂಕಿನಿಂದ ರಿಟೈರಾದ ಮೇಲೆ ಮಲ್ಲೇಶ್ವರದ ಆ ಅಡ್ಡರಸ್ತೆಯಲ್ಲಿ ಯಾರ ಮನೆಯ ನಲ್ಲಿ ಸೋರಿದರೂ ಮೊದಲು ಒದ್ದೆಯಾಗುವವರು ಅವರೇ. ಬಾನೆಟ್ ತೆಗೆಸಿ, ಕೈ ಹಿಂದೆ ಕಟ್ಟಿಕೊಂಡು, ಶವದ ಮುಂದೆ ನಿಂತವರಂತೆ ತಲೆ ಅಲ್ಲಾಡಿಸಿದರು. “ಪ್ಲಗ್ಗು,” ಎಂದರು. ಪ್ಲಗ್ಗಲ್ಲ ಎಂದು ಮೇಷ್ಟ್ರು ಹೇಳಿದ್ದಕ್ಕೆ, “ಹಾಗಾದ್ರೆ ಬ್ಯಾಟರಿ,” ಎಂದರು.

ಕೊನೆಗೆ ಮೆಕ್ಯಾನಿಕ್ ಲಕ್ಷ್ಮಯ್ಯ ಸ್ಕೂಟರಿನಲ್ಲಿ ಬಂದ. ಗೇರನ್ನು ಅತ್ತ ಇತ್ತ ಎಳೆದ. ಒಂದು ಕಡ್ಡಿಯನ್ನು ಗೇರ್‌ಬಾಕ್ಸಿನೊಳಗೆ ಅದ್ದಿ ತೆಗೆದು ಎಣ್ಣೆಯನ್ನು ಮೂಸಿ ನೋಡಿ ಮುಖ ಕಿವಿಚಿದ.

“ಸುಟ್ಟೋಗಿದೆ ಸಾರ್. ಮುಂದಕ್ಕೆ ಎಳೆಯೋ ಪ್ಲೇಟುಗಳು ಸವೆದು ನೀರಾಗಿವೆ. ಗೇರ್‌ಬಾಕ್ಸ್ ಇಳಿಸ್ಬೇಕು. ಸಾಮಾನು ಮದ್ರಾಸಿಂದ ಬರ್ಬೇಕು. ಒಂದೂವರೆ ತಿಂಗಳು ಅಂತ ಇಟ್ಕೊಳಿ.”

“ಒಂದೂವರೆ ತಿಂಗಳಾ! ಬರೋ ಭಾನುವಾರ ಬೀಗರನ್ನ ಕರ್ಕೊಂಡು ಹೋಗ್ಬೇಕಲ್ಲಯ್ಯ!”

“ಹಿಂದಕ್ಕೆ ಹೋಗೋದಾದ್ರೆ ಎಷ್ಟು ದೂರ ಬೇಕಾದ್ರೂ ಹೋಗಿ ಸಾರ್. ರಿವರ್ಸ್ ಅಂತೂ ಬೆಣ್ಣೆ ಬೆಣ್ಣೆ ಇದೆ,” ಎಂದು ಲಕ್ಷ್ಮಯ್ಯ ಕೈ ಒರೆಸಿಕೊಂಡು ಹೊರಟ.

ಮೇಷ್ಟ್ರು ಮೆಟ್ಟಿಲ ಮೇಲೆ ಕುಸಿದು ಕೂತರು. ಆಗ ಶೀನಣ್ಣ ಪಕ್ಕದಲ್ಲಿ ಕೂತು ದನಿ ತಗ್ಗಿಸಿದರು.

“ಮೇಷ್ಟ್ರೇ, ಮತ್ತಿಕೆರೆಲಿ ಮರಿಯಣ್ಣ ಅಂತ ಇದಾರೆ. ಸೈಟು ವ್ಯಾಪಾರ. ಅವರ ಹತ್ರ ಇದೇ ಗಾಡಿ, ಇದೇ ಮಾಡೆಲ್ಲು, ಅದೂ ಆಟೋಮ್ಯಾಟಿಕ್ಕೇ. ಬಣ್ಣ ಮಾತ್ರ ಕರಿ. ಕರೀದು ನಿಮಗೆ ಆಗಿಬರಲ್ಲ, ಬಿಳಿ ಇಟ್ಕೊಳಿ ಅಂತ ಜೋಯಿಸ್ರು ಹೇಳಿದಾರಂತೆ. ಬಿಳೀದು ಸಿಕ್ಕಿದ್ರೆ ಇವತ್ತೇ ಅದಲು ಬದಲು ಮಾಡ್ಕೊತೀನಿ ಅಂತಿದ್ರು. ನಾಳೆ ಬೆಳಿಗ್ಗೆ ಅವರು ಊರಿಗೆ ಹೋಗ್ತಾರೆ.”

“ಅಂದ್ರೆ ಈ ಕೆಟ್ಟ ಗಾಡೀನ ಅವರ ತಲೆಗೆ ಕಟ್ಟೋದಾ?”

“ಕೆಟ್ಟಿದೆ ಅಂತ ಯಾರು ಹೇಳಿದ್ರು? ಅರ್ಧ ಚೆನ್ನಾಗೇ ಇದೆಯಲ್ಲ!”

ಮೂವತ್ತು ವರ್ಷ ಹುಡುಗರಿಗೆ ಕಾಪಿ ಹೊಡೆಯಬೇಡಿ ಎಂದು ಬೆತ್ತ ಬೀಸಿದ ಮನುಷ್ಯ ವರದರಾಜರು. ಅವರ ಆತ್ಮಸಾಕ್ಷಿ ಎದ್ದು ನಿಂತಿತು. ಅಷ್ಟರಲ್ಲಿ ಒಳಗಿನಿಂದ ಅಲಮೇಲು ಫೋನಿನಲ್ಲಿ ತನ್ನ ಅಕ್ಕ ಗೋದಾಳಿಗೆ, “ಹೂಂ ಕಣೇ, ನಾನು ಆವತ್ತೇ ಹೇಳಿದ್ದೆ,” ಎನ್ನುವುದು ಕೇಳಿಸಿತು. ಆತ್ಮಸಾಕ್ಷಿ ಮತ್ತೆ ಕೂತುಕೊಂಡಿತು.

ಆದರೆ ಮತ್ತಿಕೆರೆಗೆ ಹೋಗುವುದು ಹೇಗೆ? ಎಳೆಯುವ ಗಾಡಿ ತರಿಸಿದರೆ ಮರಿಯಣ್ಣನಿಗೆ ಗುಟ್ಟು ತಿಳಿಯುತ್ತದೆ. “ಹಿಂದಕ್ಕೇ ಹೋಗೋಣ,” ಎಂದರು ಶೀನಣ್ಣ. “ಹಿಂದಿನ ಸೀಟಲ್ಲಿ ಕೂತು ದಾರಿ ಹೇಳ್ತೀನಿ. ಭಾನುವಾರ, ಟ್ರಾಫಿಕ್ ಇರಲ್ಲ.”

ಟ್ರಾಫಿಕ್ ಇತ್ತು. ಮಲ್ಲೇಶ್ವರದ ಅರ್ಧ ಜನ ತರಕಾರಿಗೂ ಇನ್ನರ್ಧ ದೋಸೆಗೂ ಹೊರಟಿದ್ದರು. ಮೇಷ್ಟ್ರು ಕತ್ತನ್ನು ಗೂಬೆಯಂತೆ ತಿರುಗಿಸಿಕೊಂಡು, ಆಮೆಯ ವೇಗದಲ್ಲಿ, ಹಿಂದು ಹಿಂದಾಗಿ ಸಂಪಿಗೆ ರಸ್ತೆಗೆ ಬಂದರು. “ಎಡಕ್ಕೆ, ಎಡಕ್ಕೆ!” ಎಂದು ಶೀನಣ್ಣ ಕೂಗಿದರು. ಮೇಷ್ಟ್ರು ಎಡಕ್ಕೆ ತಿರುಗಿಸಿದರು. “ನಿಮ್ಮ ಎಡ ಅಲ್ರೀ, ನನ್ನ ಎಡ!” ಎನ್ನುವಷ್ಟರಲ್ಲಿ ಕಾರಿನ ಹಿಂಭಾಗ ಸೊಪ್ಪಿನ ಗಾಡಿಯೊಂದಕ್ಕೆ ಮುತ್ತಿಟ್ಟಿತ್ತು. ಸೊಪ್ಪಿನ ತಿಮ್ಮಕ್ಕ ಸೊಂಟಕ್ಕೆ ಕೈಯಿಟ್ಟು, “ಕಣ್ಣು ಮುಂದ್ಗಡೆ ಕೊಟ್ಟಿರೋನು ದೇವ್ರು, ಹಿಂದ್ಗಡೆ ಯಾಕಪ್ಪಾ ಓಡುಸ್ತೀಯ?” ಎಂದು ಬೀದಿಗೆಲ್ಲ ಕೇಳುವಂತೆ ಕೇಳಿದಳು. ಮೇಷ್ಟ್ರು ಬೇಡದ ಹದಿನೈದು ಕಟ್ಟು ಮೆಂತ್ಯ ಸೊಪ್ಪು ಕೊಂಡು ಪಾರಾದರು.

ಮುಂದಿನ ವೃತ್ತದಲ್ಲಿ ಟ್ರಾಫಿಕ್ ಪೊಲೀಸಿನವನು ಸೀಟಿ ಊದಿ ಕೈ ಅಡ್ಡ ಹಿಡಿದ.

“ಏನ್ರೀ, ಒನ್‌ವೇಲಿ ಎದುರಿಗೆ ಬರ್ತಿದೀರಾ?”

“ಇಲ್ಲ ಸಾರ್. ಗಾಡಿ ಮುಖ ಮಾತ್ರ ಆ ಕಡೆಗಿದೆ. ನಾವು ಸರಿಯಾದ ದಿಕ್ಕಿಗೇ ಹೋಗ್ತಿದೀವಿ.”

ಪೊಲೀಸಿನವನು ಕಾರಿನ ಮುಂದೆ ನಿಂತು ನೋಡಿದ, ತಪ್ಪು. ಹಿಂದೆ ನಿಂತು ನೋಡಿದ, ಸರಿ. ರಸೀದಿ ಪುಸ್ತಕ ತೆಗೆದು, ಏನು ಬರೆಯುವುದೆಂದು ತಿಳಿಯದೆ ಮತ್ತೆ ಜೇಬಿಗೆ ತುರುಕಿದ. ಅಷ್ಟರಲ್ಲಿ ಎರಡು ಬಸ್ಸುಗಳು ಹಾರ್ನ್ ಹೊಡೆಯತೊಡಗಿದವು. “ಹೋಗ್ರೀ, ಹೋಗ್ರೀ! ಹಿಂದಕ್ಕೋ ಮುಂದಕ್ಕೋ, ಎತ್ಲಾಗಾದ್ರೂ ಹೋಗಿ ಸಾಯ್ರೀ!” ಎಂದು ಕೈಮುಗಿದೇ ಬಿಟ್ಟ. ಹತ್ತನೇ ಕ್ಲಾಸಿನ ಹುಡುಗರಿಬ್ಬರು ಫುಟ್‌ಪಾತಿನಿಂದ, “ನಮಸ್ಕಾರ ಸಾರ್!” ಎಂದು ಕೂಗಿ ಹೊಟ್ಟೆ ಹಿಡಿದುಕೊಂಡು ನಗುವುದು, ಕತ್ತು ನೋವಿಗೆ ಮುಂದಕ್ಕೆ ತಿರುಗಿದಾಗಲೆಲ್ಲ ಮೇಷ್ಟ್ರಿಗೆ ಕಾಣುತ್ತಲೇ ಇತ್ತು. ಮುಖ ಅತ್ತ ಇರುವ ಗಾಡಿಯ ತೊಂದರೆಯೇ ಅದು.

ಹತ್ತು ನಿಮಿಷದ ದಾರಿಗೆ ಒಂದೂ ಮುಕ್ಕಾಲು ಗಂಟೆ ಹಿಡಿಯಿತು. ಮತ್ತಿಕೆರೆ ಬರುವಷ್ಟರಲ್ಲಿ ಮೇಷ್ಟ್ರ ಕತ್ತು ತಿರುಗಿದಲ್ಲೇ ತುಕ್ಕು ಹಿಡಿದಂತಾಗಿತ್ತು.

ಶೀನಣ್ಣ ಮೊದಲೇ ಫೋನು ಮಾಡಿದ್ದರಿಂದ ಮರಿಯಣ್ಣ ಗೇಟಿನಲ್ಲೇ ನಿಂತಿದ್ದರು. ಬಿಳಿ ಅಂಗಿ, ಬಿಳಿ ಪಂಚೆ, ಕೊರಳಲ್ಲಿ ಬೆರಳು ಗಾತ್ರದ ಚಿನ್ನದ ಸರ. ಮೇಷ್ಟ್ರು ಉಸಿರು ಬಿಗಿಹಿಡಿದು ಗಾಡಿಯನ್ನು ಹಿಂದು ಹಿಂದಾಗಿಯೇ ಕಾಂಪೌಂಡಿನೊಳಗೆ ನುಗ್ಗಿಸಿ, ಗೋಡೆಗೆ ಅರ್ಧ ಅಡಿ ಇರುವಂತೆ ನಿಲ್ಲಿಸಿದರು.

“ಅಬ್ಬಬ್ಬಾ!” ಎಂದರು ಮರಿಯಣ್ಣ. “ಗಾಡಿ ನಿಲ್ಸಿದ್ರೆ ಹಿಂಗ್ ನಿಲ್ಲುಸ್ಬೇಕು! ಎಷ್ಟು ಶಿಸ್ತು ನೋಡಿ. ಮೇಷ್ಟ್ರು ಅಂದ್ರೆ ಮೇಷ್ಟ್ರೇ!”

ಮರಿಯಣ್ಣನ ಹೆಂಡತಿ ಸರಸ್ವತಮ್ಮ ಕಾಫಿ ತಂದುಕೊಟ್ಟು, ಬಿಳಿ ಗಾಡಿಗೆ ಆಗಲೇ ಅರಿಸಿನ ಕುಂಕುಮ ಹಚ್ಚತೊಡಗಿದರು. ಈಗ ಓಡಿಸಿ ನೋಡೋಣ ಎನ್ನುತ್ತಾರೆ ಎಂದು ಮೇಷ್ಟ್ರು ಕಾಫಿಯನ್ನು ಗುಟುಕು ಗುಟುಕಾಗಿ ಎಳೆದರು.

“ಗೇರ್ ಹೆಂಗಿದೆ ಸಾ?” ಎಂದು ಕೇಳಿದರು ಮರಿಯಣ್ಣ.

“ರಿವರ್ಸ್ ಅಂತೂ ಬೆಣ್ಣೆ,” ಎಂದರು ಮೇಷ್ಟ್ರು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. “ಒಂದು ಸುತ್ತು ಹೋಗಿ ನೋಡ್ಬೇಕು ಅಂದ್ರೆ...”

“ಅಯ್ಯೋ, ಬುಡಿ ಸಾ! ಪಾಠ ಹೇಳೋರನ್ನ ಪರೀಕ್ಷೆ ಮಾಡೋಕಾಯ್ತದಾ? ನಮ್ಮದೂ ಅಷ್ಟೇ. ಮುಂದಕ್ಕೆ ಬುಟ್ರೆ ಬಾಣ. ರೋಡಲ್ಲೇ ನಿಂತಿದೆ, ಹತ್ತಿ, ಹೊರಡಿ. ಕಾಗದಕ್ಕೆ ಇಲ್ಲೇ ರುಜು ಹಾಕ್ಬುಡಾನ.”

ಇಂಥ ದೊಡ್ಡ ಮನಸ್ಸಿನವರಿಗೆ ಮೋಸ ಮಾಡುತ್ತಿದ್ದೇನಲ್ಲ ಎಂದು ಮೇಷ್ಟ್ರ ಕಣ್ಣು ಮಂಜಾಯಿತು. ಆದರೂ ರುಜು ಹಾಕಿದರು. ಕೀಲಿಕೈ ಅದಲು ಬದಲಾಯಿತು.

ಕರಿ ಗಾಡಿ ನಿಜಕ್ಕೂ ಬಾಣದಂತೆ ಹೊರಟಿತು. ಮುಂದಕ್ಕೆ! ಎಷ್ಟು ಹೊತ್ತಾಗಿತ್ತು ಗಾಜಿನಾಚೆ ರಸ್ತೆ ತಮ್ಮ ಕಡೆಗೆ ಬರುವುದನ್ನು ನೋಡಿ! ಮೇಷ್ಟ್ರು ಅಡ್ಡದಾರಿ ಬಿಟ್ಟು, ಬೇಕೆಂದೇ ಆ ಪೊಲೀಸಿನವನ ಎದುರಿನಿಂದ ಬಂದರು. ಶೀನಣ್ಣ ಮುಂದಿನ ಸೀಟಿನಲ್ಲಿ ಕೂತು, “ಹೇಗಿದೆ ನನ್ನ ಐಡಿಯಾ?” ಎಂದು ಆರು ಸಲ ಕೇಳಿದರು, ಮೇಷ್ಟ್ರು ಆರು ಸಲವೂ ಹೊಗಳಿದರು. ಮನೆಗೆ ಬಂದವರೇ ಮೂತಿ ಮುಂದಾಗಿ ಕಾಂಪೌಂಡಿನೊಳಗೆ ನುಗ್ಗಿ, ಗೋಡೆಗೆ ಮುಖವಿಟ್ಟು ನಿಲ್ಲಿಸಿದರು.

ಅಲಮೇಲು ಸುತ್ತಲೂ ಬಂದು ನೋಡಿದಳು. ಎರಡು ತಿಂಗಳಲ್ಲಿ ಮೊದಲ ಬಾರಿಗೆ, “ಪರವಾಗಿಲ್ಲ,” ಎಂದಳು. ಮೇಷ್ಟ್ರಿಗೆ ಪದವಿ ಪ್ರದಾನವಾದಷ್ಟು ಸಂತೋಷವಾಯಿತು. “ಸೀರೆ ಉಟ್ಕೊಂಡು ಬಾ, ಒಂದು ಸುತ್ತು ಹೋಗ್ಬರೋಣ,” ಎಂದು ಗಾಡಿ ಹತ್ತಿ, ಗೇರನ್ನು ‘ಆರ್’ಗೆ ಹಾಕಿ, ಆಕ್ಸಿಲರೇಟರ್ ಒತ್ತಿದರು.

ಇಂಜಿನ್ ಗರ್ಜಿಸಿತು. ಕಾರು ಕದಲಲಿಲ್ಲ.

ಇನ್ನಷ್ಟು ಒತ್ತಿದರು. ಇನ್ನಷ್ಟು ಗರ್ಜಿಸಿತು. ಮುಂದೆ ಗೋಡೆ, ಹಿಂದೆ ಬಾರದ ಗಾಡಿ. ಮೇಷ್ಟ್ರು ಸ್ಟೀರಿಂಗಿಗೆ ಹಣೆಯಿಟ್ಟರು. ಆಗ ಜೇಬಿನಲ್ಲಿ ಮೊಬೈಲ್ ಹೊಡೆದುಕೊಂಡಿತು.

“ಮೇಷ್ಟ್ರೇ, ಮರಿಯಣ್ಣ. ಗಾಡಿ ಹೆಂಗೈತೆ ಸಾ?”

“ಬಹಳ ಚೆನ್ನಾಗಿದೆ. ನಿಮ್ಮದು?”

“ನಮ್ದೂ ಬೋ ಚೆನ್ನಾಗೈತೆ.” ಆ ಕಡೆ ಇಂಜಿನ್ನೊಂದು ಗರ್ಜಿಸಿ ಸುಮ್ಮನಾಯಿತು. “ಅಲ್ಲಾ ಸಾ... ನಮ್ಮನೆಯೋಳು ಕರಿ ಗಾಡೀನೇ ಲಕ್ಷಣವಾಗಿತ್ತು ಅಂತವ್ಳೆ. ಮತ್ತೆ ಅದಲು ಬದಲು ಮಾಡ್ಕೊಳಾನಾ? ನೀವೇ ಒಂಚೂರು ತಗೊಂಬನ್ನಿ.”

“ಧಾರಾಳವಾಗಿ! ಆದ್ರೆ ನೀವೇ ತಗೊಂಡು ಬನ್ನಿ. ನಮ್ಮನೇಗೆ ನೀವು ಬಂದೇ ಇಲ್ಲ.”

“ಛೆ ಛೆ, ದೊಡ್ಡೋರು ನೀವು. ನೀವೇ ಬರಬೇಕು.”

“ಇಲ್ಲ ಇಲ್ಲ, ಅದು ಮರ್ಯಾದೆ ಅಲ್ಲ. ಮೊದಲು ನೀವು ಬನ್ನಿ.”

“ಹಂಗೆಲ್ಲಾ ಆಗಕಿಲ್ಲ ಸಾ, ನೀವೇ.”

ಇಬ್ಬರೂ ಒಬ್ಬರನ್ನೊಬ್ಬರು ಕರೆಯುತ್ತಲೇ ಇದ್ದರು. ಅಷ್ಟರಲ್ಲಿ ಅಲಮೇಲು ರೇಷ್ಮೆ ಸೀರೆಯುಟ್ಟು, ತಲೆಗೆ ಮಲ್ಲಿಗೆ ಮುಡಿದು ಬಂದು ಮುಂದಿನ ಸೀಟಿನಲ್ಲಿ ಕೂತಳು.

“ಯಾರದು ಫೋನು?”

“ಮರಿಯಣ್ಣ,” ಎಂದರು ಮೇಷ್ಟ್ರು ಕ್ಷೀಣವಾಗಿ. “ಮನೇಗೆ ಬನ್ನಿ ಅಂತಿದಾರೆ.”

“ಪಾಪ, ಅಷ್ಟು ಕರೀತಿದಾರೆ. ಹೋಗೋಣ ನಡೀರಿ,” ಎಂದು ಅಲಮೇಲು ಬಾಗಿಲು ಎಳೆದುಕೊಂಡಳು. “ಹೇಗೂ ಗಾಡಿ ಇದೆಯಲ್ಲ!”