ಮಾವನ ಪುಟ್ ಅಪ್

ನನ್ನ ಸೋದರಮಾವನ ಕಿವಿ ಚೆನ್ನಾಗಿದೆ, ಆದರೆ ಕಾಗದದಲ್ಲಿ ಬರೆದುಕೊಟ್ಟರೆ ಮಾತ್ರ ಅವರಿಗೆ ಕೇಳಿಸುತ್ತದೆ! ಮದುವೆಯಾಗದೆ, ದೆಹಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಕಡತಗಳ ಜೊತೆಗೇ ಸಂಸಾರ ಮಾಡಿದವರು. ಕೆಲಸ ಸಿಕ್ಕಿ ಮೈಸೂರಿನಿಂದ ಬಂದ ನಾನು ಆರ್.ಕೆ.ಪುರಂನ ಅವರ ಕ್ವಾರ್ಟರ್ಸಿನಲ್ಲೇ ಇಳಿದುಕೊಂಡೆ.

ಮೊದಲ ದಿನವೇ ಕೇಳಿದೆ, "ಮಾವ, ನಾಳೆ ತಿಂಡಿಗೆ ಉಪ್ಪಿಟ್ಟು ಮಾಡ್ಲಾ?"

"ಪುಟ್ ಅಪ್ ಮಾಡು."

ನನಗೆ ತಲೆಬುಡ ತಿಳಿಯಲಿಲ್ಲ. ಶಾಲೆಯಲ್ಲಿ ಮೇಡಂ 'ಪುಟ್ ಅಪ್ ಯುವರ್ ಹ್ಯಾಂಡ್' ಅಂದಾಗ ಕೈ ಎತ್ತುತ್ತಿದ್ದೆವು. ಯಾರ ಮನೆಯಲ್ಲಾದರೂ ಉಳಿದುಕೊಂಡರೆ ಅದೂ ಪುಟ್ ಅಪ್. ಹಾಗೆ ಉಳಿದವರನ್ನು ಸಹಿಸಿಕೊಂಡರೆ ಪುಟ್ ಅಪ್ ವಿತ್! ಇದರಲ್ಲಿ ಉಪ್ಪಿಟ್ಟು ಎಲ್ಲಿ ಬಂತು? ಯಾವುದಕ್ಕೂ ಇರಲಿ ಎಂದು ಕೈ ಎತ್ತಿದೆ.

"ಕೈ ಇಳಿಸಮ್ಮಾ. ಬರೆದು ಟೇಬಲ್ ಮೇಲಿಡು. ನೋಡಿ ಆರ್ಡರ್ ಪಾಸ್ ಮಾಡ್ತೀನಿ."

ಬರೆದಿಟ್ಟೆ. ಬೆಳಗ್ಗೆ ಚೀಟಿ ವಾಪಸು ಬಂತು: 'ಗೋಡಂಬಿ ಕುರಿತು ಸ್ಪಷ್ಟತೆ ಇಲ್ಲ. ಚರ್ಚಿಸಿ.' ಚರ್ಚಿಸುವುದು ಯಾರ ಜೊತೆ? ನನ್ನೆದುರೇ ಕೂತಿದ್ದರು! ಚರ್ಚೆ ಮುಗಿಯುವಷ್ಟರಲ್ಲಿ ಆಫೀಸಿಗೆ ಹೊತ್ತಾಗಿ, ಇಬ್ಬರೂ ಒಣ ಬ್ರೆಡ್ ತಿಂದು ಓಡಿದೆವು.

ತರಕಾರಿ ಮಾರುವ ಭಯ್ಯಾ ಕೂಡ ಬೆಂಡೆಕಾಯಿ ಕೊಡಲೇ ಎಂದು ಕೆಳಗಿನಿಂದ ಕೂಗುತ್ತಿದ್ದ, "ಅಂಕಲ್‌ಜೀ, ಭಿಂಡಿ ಪುಟ್ ಅಪ್ ಕರ್ ದೂಂ?" ಮಾವ ಬಾಲ್ಕನಿಯಿಂದ ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಅವನಿಗೆ ತಲೆಯಾಡಿಸಿದರೆ ಸಾಕು, ನನಗೆ ಮಾತ್ರ ಚೀಟಿ! ಇದು ಯಾವ ಊರಿನ ನ್ಯಾಯ?

ನಾಲ್ಕು ವರ್ಷ ಕಳೆಯಿತು. ನಾನು ಗ್ರೇಟರ್ ನೋಯ್ಡಾದಲ್ಲಿ ಬಾಡಿಗೆ ಫ್ಲ್ಯಾಟ್ ಹಿಡಿದೆ. ಮಾವನಿಗೆ ನಿವೃತ್ತಿಯಾಯಿತು, ಕ್ವಾರ್ಟರ್ಸ್ ಬಿಡಬೇಕು. "ಎಲ್ಲಿಗೆ ಹೋಗ್ತೀರಿ ಮಾವ?" ಎಂದರೆ "ಪರಿಶೀಲನೆಯಲ್ಲಿದೆ" ಎನ್ನುತ್ತಿದ್ದರು. ನನ್ನ ಜೊತೆಗೇ ಬನ್ನಿ ಎನ್ನಬೇಕೆಂದಿದ್ದೆ. ಅದನ್ನೂ ಪುಟ್ ಅಪ್ ಮಾಡಬೇಕೋ ಏನೋ ಎಂಬ ಗೊಂದಲದಲ್ಲೇ ದಿನ ದೂಡಿದೆ.

ಒಂದು ಭಾನುವಾರ ಮೆಟ್ರೋ ಬದಲಿಸಿ ಬದಲಿಸಿ ನನ್ನ ಮನೆಗೆ ಬಂದರು. ಕೂರಲಿಲ್ಲ. ಟೇಬಲ್ ಮೇಲೆ ಒಂದು ಕಡತ ಇಟ್ಟು ಪಕ್ಕದಲ್ಲಿ ನಿಂತರು. ಬಿಚ್ಚಿ ಓದಿದೆ.

'ವಿಷಯ: ಮಾವನ ವಾಸ್ತವ್ಯ. ಚಿಕ್ಕ ಕೋಣೆ ಸಾಕು. ಉಪ್ಪಿಟ್ಟು ಮಾಡಲು ಕಲಿತಿದ್ದೇನೆ; ಗೋಡಂಬಿ ಹಾಕಲಾಗುವುದು. ಒಪ್ಪಿಗೆಯಾಗದಿದ್ದರೆ ಬೇಸರವಿಲ್ಲ. ಆದೇಶಕ್ಕಾಗಿ ಮಂಡಿಸಿದೆ.'

ಮೂವತ್ತು ವರ್ಷ ಊರವರ ಕಡತವನ್ನೆಲ್ಲ ನೋಡಿದ ಮನುಷ್ಯ, ತನಗೊಂದು ಮನೆ ಬೇಕೆಂದು ಬಾಯಿಬಿಟ್ಟು ಕೇಳಲು ಕಲಿತೇ ಇರಲಿಲ್ಲ. ನನಗೆ ಅಳು ಬಂತು. 'ಒಪ್ಪಿದೆ' ಎಂದು ಬರೆದು ಸಹಿ ಹಾಕಿ ಕೊಟ್ಟೆ.

ಮಾವ ಕನ್ನಡಕ ಏರಿಸಿ ಓದಿದರು. ಓದುತ್ತಲೇ ಇದ್ದರು. ಸಹಿಯ ಕೆಳಗೆ ಬೆರಳಿಟ್ಟರು.

"ದಿನಾಂಕ ಹಾಕಿಲ್ವಲ್ಲಮ್ಮಾ?"

"ಇವತ್ತಿಂದ್ಲೇ, ಮಾವ," ಎಂದೆ.