ಆಪಿನೊಳಗಿನ ಮೊಸಳೆ

ಕೆರೆಯಲ್ಲಿ ಹುಲ್ಲು ಬೆಳೆದರೆ ಯಾರಿಗಾದರೂ ಸಂತೋಷವಾಗುತ್ತದೆಯೇ? ಜಗದೇವಪ್ಪನಿಗೆ ಆಗುತ್ತಿತ್ತು.

ಭೀಮರಾಯನಗುಡಿ ಕ್ಯಾಂಪಿನ ಹಿಂದೆ, ಕಾಲುವೆಯ ಬಸಿನೀರು ನಿಂತು ಆದ ಕೆರೆಯೊಂದಿದೆ. ಗಾಳ ಹಾಕುವ ಹುಚ್ಚಿದ್ದ ಕೆಲವರು ಸೇರಿ ಒಂದು ಸಂಘ ಕಟ್ಟಿ, ಆ ಕೆರೆಯನ್ನು ಗುತ್ತಿಗೆ ಹಿಡಿದು ಮೀನಿನ ಮರಿ ಬಿಟ್ಟಿದ್ದರು. ಮೀನು ಬೆಳೆದವೋ ಇಲ್ಲವೋ ದೇವರೇ ಬಲ್ಲ, ಹುಲ್ಲು ಮಾತ್ರ ಬೆಳೆಯಿತು. ನೀರಿನ ಮೇಲೆ ಅಂತರಗಂಗೆ ಹಾಸಿಕೊಂಡಿತು. ದಂಡೆಯುದ್ದಕ್ಕೂ ಆಳೆತ್ತರದ ಜೊಂಡು ಎದ್ದಿತು. ಈ ಕಡೆಯವರು ಅದಕ್ಕೆ ಆಪು ಎನ್ನುತ್ತಾರೆ. ಯಾರ ಗಾಳಕ್ಕೆ ಮೀನು ಬೀಳದಿದ್ದರೂ ತಪ್ಪು ಆಪಿನದು, ಹಾಗಾಗಿ ಸಂಘದವರೆಲ್ಲ ಅದಕ್ಕೆ ಶಾಪ ಹಾಕುತ್ತಿದ್ದರು. ಜಗದೇವಪ್ಪ ಒಬ್ಬನೇ ಅದರ ಬುಡದಲ್ಲಿ ಕುಳಿತು ಮನಸ್ಸಿನಲ್ಲೇ ಕೈಮುಗಿಯುತ್ತಿದ್ದ.

ಅದಕ್ಕೆ ಕಾರಣವಿತ್ತು. ಶಹಾಪುರದಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ ಜಗದೇವಪ್ಪನದು ಲಿಂಗಪೂಜೆಯಾಗದೆ ಚಹಾ ಕೂಡ ಗಂಟಲಿಗಿಳಿಯದ ಮನೆ. ಹೆಂಡತಿ ಪಾರ್ವತಿಬಾಯಿ ಕೇಕಿನಲ್ಲಿ ಮೊಟ್ಟೆ ಹಾಕಿಲ್ಲವೆಂದು ಬೇಕರಿಯವನಿಂದ ಆಣೆ ಮಾಡಿಸಿಕೊಂಡೇ ಕೊಳ್ಳುವವಳು. ಅವಳ ತಂದೆ, ಸುರಪುರದ ಬಸವಂತ್ರಾಯರು, ಅವಳಿಗಿಂತಲೂ ಒಂದು ಕೈ ಮೇಲು. ನಿಶ್ಚಯದ ದಿನವೇ ಅವರು ಜಗದೇವಪ್ಪನನ್ನು ಪಕ್ಕಕ್ಕೆ ಕೂಡಿಸಿಕೊಂಡು, "ಒಂದ್ ಮಾತು ನೆನಪಿರ್ಲಿ ಅಳಿಯಂದ್ರ. ಜೀವಕ್ಕ ನೋವು ಮಾಡೋರ ಮನ್ಯಾಗ ನನ್ನ ಮಗಳು ಒಂದಿನಾನೂ ಇರಂಗಿಲ್ಲ. ನಾನೇ ಬಂದು ಕರ್ಕೊಂಡು ಹೋಗ್ತೀನಿ" ಎಂದಿದ್ದರು. ಸುತ್ತಲ ಹಳ್ಳಿಗಳ ಜಗಳ ಬಗೆಹರಿಸುವ ಹಿರಿಯರು, ಆಡಿದ್ದನ್ನು ಮಾಡದೆ ಬಿಡುವವರಲ್ಲ.

ಅಂಥವರ ಅಳಿಯನಿಗೆ ಗಾಳದ ಹುಚ್ಚು ಹಿಡಿದಿತ್ತು. ತಿನ್ನುವುದಕ್ಕಲ್ಲ, ಮೀನಿನ ವಾಸನೆ ಬಂದರೆ ಅವನು ಮೂಗು ಮುಚ್ಚಿಕೊಳ್ಳುತ್ತಿದ್ದ. ನೀರಿನ ಮೇಲಿನ ಬೆಂಡು ಗುಳಕ್ಕನೆ ಮುಳುಗುತ್ತದಲ್ಲ, ಕೆಳಗೆ ಏನು ಸಿಕ್ಕಿದೆಯೋ ಎಂದು ಎದೆ ಹೊಡೆದುಕೊಳ್ಳುತ್ತದಲ್ಲ, ಅದಕ್ಕಾಗಿ. ಸಿಕ್ಕ ಮೀನನ್ನು ಕಣ್ತುಂಬ ನೋಡಿ ಮತ್ತೆ ನೀರಿಗೆ ಬಿಡುತ್ತಿದ್ದ. ವಾರವೆಲ್ಲ ಅಂಗಡಿಯಲ್ಲಿ ಯೂರಿಯಾ ಕೇಳುವವರ ಗದ್ದಲ, ಮನೆಯಲ್ಲಿ ಹೆಂಡತಿಯ ಹುಕುಂ. ಐತವಾರ ಬೆಳಗಿನ ಆ ಎರಡು ತಾಸು ಮಾತ್ರ ತನ್ನದು ಅನ್ನಿಸುತ್ತಿತ್ತು. ಅದೊಂದು ಹೋದರೆ ತನಗೇನು ಉಳಿಯಿತು ಎಂದು ನೆನೆದರೇ ಅವನಿಗೆ ಅಳು ಬರುತ್ತಿತ್ತು.

ಮನೆಯಲ್ಲಿ ಹೇಳಿದ್ದು, ಸಕ್ಕರೆ ಕಾಯಿಲೆಗೆ ವಾಕಿಂಗ್ ಹೋಗುತ್ತೇನೆ ಅಂತ. ಬಿಳಿ ಬೂಟು ಹಾಕಿಕೊಂಡು ಬೀಸುಗಾಲಿನಲ್ಲಿ ಹೊರಡುತ್ತಿದ್ದ, ಓಣಿ ತಿರುಗಿದ ಮೇಲೆ ಟಂಟಂ ಆಟೋ ಹತ್ತುತ್ತಿದ್ದ. "ಇಷ್ಟ್ ನಡದ್ರೂ ಸಕ್ರಿ ಯಾಕ ಇಳಿಯವಲ್ದು" ಎಂದು ಪಾರ್ವತಿಬಾಯಿ ಡಾಕ್ಟರನ್ನೇ ಬೈದು ಬಂದಿದ್ದಳು. ಕೆರೆಯ ಏರಿಯ ಮೇಲೆಯೇ ಬಸ್ಸಿನ ರಸ್ತೆ. ಶಹಾಪುರದ ಅರ್ಧ ಜನ ದಿನಾ ಅಲ್ಲಿ ಹಾಯುತ್ತಾರೆ. ಅವರ ಕಣ್ಣಿಗೂ ಜಗದೇವಪ್ಪನಿಗೂ ನಡುವೆ ಇದ್ದದ್ದು ಆಪು ಒಂದೇ.

ಆ ಐತವಾರ ಅವನು ಗಾಳಕ್ಕೆ ಹಿಟ್ಟಿನುಂಡೆ ಸಿಕ್ಕಿಸಿ ನೀರಿಗೆ ಬಿಟ್ಟಿದ್ದನಷ್ಟೇ, ಸಂಘದ ಅಧ್ಯಕ್ಷ ಖಾಜಾಹುಸೇನ ನಾಲ್ಕೈದು ಕುಡುಗೋಲಿನ ಆಳುಗಳೊಂದಿಗೆ ಬಂದ. ನೀರಾವರಿ ಇಲಾಖೆಯಲ್ಲಿ ಕಾಲುವೆ ಕಾಯ್ದು ನಿವೃತ್ತನಾದವನು, ಹುಲ್ಲು ಕಂಡರೆ ಕೈ ಕಡಿಯುತ್ತಿತ್ತು. ಜೊತೆಗೆ ಕೃಷಿ ಕಾಲೇಜಿನ ಗುಮಾಸ್ತ ತಿಮ್ಮಣ್ಣನೂ ಇದ್ದ.

"ಸಾವ್ಕಾರ್ರ, ಇವತ್ತ ಈ ಆಪಿಂದು ಫೈಸಲ್ ಮಾಡಿಬಿಡೋಣ" ಎಂದ ಖಾಜಾಹುಸೇನ. "ನಿಮ್ಮ ಅಂಗಡ್ಯಾಗ ಹುಲ್ಲಿಗೆ ಹೊಡಿಯೋ ಎಣ್ಣಿ ಅದಲ್ಲ, ತರ್ಸ್ರಿ."

"ಎಣ್ಣಿ ಬ್ಯಾಡ್ರಿ ಖಾಜಾಸಾಬ್ರ. ಹುಲ್ಲು ಸತ್ತು ನೀರಾಗ ಕೊಳೀತದ. ಕೊಳತ್ರ ಮೀನಿಗಿ ಉಸರಾಡಾಕ ಆಗಂಗಿಲ್ಲ, ಎಲ್ಲಾ ತೇಲ್ತಾವ."

ಅಂಗಡಿಯವನೇ ತನ್ನ ಮಾಲು ಬೇಡ ಅನ್ನುವುದನ್ನು ತಿಮ್ಮಣ್ಣ ಜೀವಮಾನದಲ್ಲಿ ಮೊದಲ ಸಲ ಕೇಳಿದ.

"ಬರಾಬರ್ ಹೇಳಿದ್ರಿ. ಅದಕ್ಕ ಕುಡುಗೋಲು ತಂದೇನಿ."

"ಹುಲ್ಲು ತಿನ್ನೋ ಮೀನ ಬಿಟ್ರ ಹೆಂಗ್ರಿ?" ಎಂದ ತಿಮ್ಮಣ್ಣ. "ನಮ್ಮ ಕಾಲೇಜಿನ್ಯಾಗ ಮಾತಾಡ್ತಿರ್ತಾರ."

ಜಗದೇವಪ್ಪ ಆ ಮಾತನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಬಿಡೋಣ್ರಿ. ಆರಾಮ ತಿನ್ಕೋತ ಇರ್ತಾವ. ಅವಸರ ಏನದ, ಹತ್ತು ವರ್ಷ ಆಗವಲ್ದ್ಯಾಕ."

"ಅವು ಎಳೀ ಪಾಚಿ ತಿಂತಾವ್ರೀ" ಎಂದ ಖಾಜಾಹುಸೇನ. "ಈ ಬಿದರಿನಂಥ ಆಪಿಗಿ ಬಾಯಿ ಹಾಕಿದ್ರ ಅವುಕ್ಕ ಹಲ್ಲಿನ ಡಾಕ್ಟರ್ ಬೇಕಾಗ್ತಾನ."

"ಹಕ್ಕಿ ತತ್ತಿ ಇಟ್ಟಿರ್ತಾವ್ರಿ. ಪಾಪ ಬರ್ತದ" ಎಂದ ಜಗದೇವಪ್ಪ.

ತಿಮ್ಮಣ್ಣ ಪಂಚೆ ಎತ್ತಿ ಕಟ್ಟಿಕೊಂಡು ಹೋಗಿ ಇಣುಕಿ ಬಂದ. ಒಂದೂ ಗೂಡಿರಲಿಲ್ಲ. ಆಳುಗಳು ಕೆಲಸ ಶುರು ಮಾಡಿದರು. ಮೊದಲ ಹಿಡಿ ಆಪು ಬಿದ್ದ ಸಂದಿಯಲ್ಲಿ ಏರಿಯ ಮೇಲೆ ಯಾದಗಿರಿ ಬಸ್ಸು ಹಾಯ್ದುಹೋಯಿತು. ಕಿಟಕಿಯಲ್ಲಿ ಕುಳಿತವರ ಮೂಗು, ಮೀಸೆ ಎಲ್ಲ ಜಗದೇವಪ್ಪನಿಗೆ ಸ್ಪಷ್ಟವಾಗಿ ಕಂಡವು. ಅವನ ಬಾಯಿ ತನ್ನಷ್ಟಕ್ಕೇ ತೆರೆಯಿತು.

"ಆಪಿನಾಗ ಮೊಸಳಿ ಅದ."

ಕುಡುಗೋಲುಗಳು ನಿಂತವು. "ಏನಂದ್ರಿ?" ಎಂದ ಖಾಜಾಹುಸೇನ.

"ಮೊಸಳಿ ಅದ್ರಿ. ಹೋದ ಐತಾರ ನೋಡೇನಿ."

"ಎಷ್ಟುದ್ದ ಅದ?"

ಜಗದೇವಪ್ಪ ಎರಡೂ ಕೈ ಚಾಚಿದ. ಸಾಲದು ಅನ್ನಿಸಿ, ಪಕ್ಕದಲ್ಲಿ ನಿಂತ ತಿಮ್ಮಣ್ಣನ ಕೈಯನ್ನೂ ಹಿಡಿದು ಚಾಚಿಸಿದ.

"ಕೃಷ್ಣಾ ಹೊಳ್ಯಾಗಿಂದ ಕಾಲುವಿ ಹಿಡದು ಬಂದದ" ಎಂದು ಅದರ ದಾರಿಯನ್ನು ತಿಮ್ಮಣ್ಣನೇ ಹೇಳಿದ. ಆಳುಗಳು ಅಷ್ಟರಲ್ಲೇ ಏರಿ ಹತ್ತಿ ನಿಂತಿದ್ದರು.

"ಇದ್ದಂಗ ಬಿಟ್ಟುಬಿಡೋಣ್ರಿ" ಎಂದ ಜಗದೇವಪ್ಪ, ಬಹಳ ದಿನದ ಮೇಲೆ ಜೀವ ಹಗುರಾಗಿ. "ಆಪು ಇದ್ರ ಅದೂ ಒಳಗ ಇರ್ತದ. ಯಾರಿಗೂ ಹೇಳಬ್ಯಾಡ್ರಿ."

ಆ ಕೊನೆಯ ಮಾತೊಂದು ಆಡಬಾರದಿತ್ತು. ಹೇಳಬೇಡಿ ಅಂದಮೇಲೆ ಹೇಳದೆ ಇರಲು ತಿಮ್ಮಣ್ಣನೇನು ಕಲ್ಲೇ? ಅವನು ಆಗಲೇ ಮೊಬೈಲು ತೆಗೆದು ಕಾಲೇಜಿನ ಗ್ರೂಪಿಗೆ, ಬೀಗರ ಗ್ರೂಪಿಗೆ, ಭಜನಾ ಮಂಡಳಿಯ ಗ್ರೂಪಿಗೆ ಹಾಕಿಯಾಗಿತ್ತು.

ಮೊಸಳೆಯೆಂದರೆ ಜನ ಓಡುತ್ತಾರೆ, ಖರೆ. ಆದರೆ ಅದರ ಕಡೆಗೇ ಓಡುತ್ತಾರೆಂಬುದು ಜಗದೇವಪ್ಪನಿಗೆ ಗೊತ್ತಿರಲಿಲ್ಲ. ದೋರನಹಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ಬಂದರು. ಹತ್ತಿಕುಣಿಯ ಬೀಗರ ಮನೆಗೆ ಹೊರಟಿದ್ದವರು ಬಸ್ಸಿಳಿದು ನಿಂತರು. ಮಿರ್ಚಿ ಭಜಿಯ ಬಂಡಿಯವನು ಒಲೆ ಹೊತ್ತಿಸಿದ. ಅದು ಏನು ತಿನ್ನುತ್ತದೆ, ಹಗಲು ಮಲಗುತ್ತದೋ ರಾತ್ರಿಯೋ, ಒಂದೇ ಇದೆಯೋ ಜೋಡಿಯೋ ಎಂದು ಏರಿಯ ತುಂಬ ಚರ್ಚೆ. ಅರ್ಧ ತಾಸಿನೊಳಗೆ ಅದನ್ನು ಕಣ್ಣಾರೆ ಕಂಡವರು ಆರೇಳು ಮಂದಿ ಆದರು. ಒಬ್ಬನಂತೂ ಅದರ ಬೆನ್ನ ಮೇಲೆ ಗಾಯವಿದೆ ಅಂದ. ಎಲ್ಲರೂ ಕತ್ತು ಚಾಚಿ ನೋಡುತ್ತಿದ್ದುದನ್ನು ಕಂಡು ಜಗದೇವಪ್ಪನಿಗೂ ತಡೆಯಲಾಗದೆ, ತಾನೂ ತುದಿಗಾಲಲ್ಲಿ ನಿಂತು ಹುಡುಕಿದ.

ಹಾಗೆ ನಿಂತಿದ್ದಾಗಲೇ ಟಂಟಂನಿಂದ ಪಾರ್ವತಿಬಾಯಿ ಇಳಿಯುವುದು ಕಂಡಿತು. ಓಣಿಯ ಹೆಂಗಸರೆಲ್ಲ ಜೊತೆಗಿದ್ದರು. ಗಾಳ ಇನ್ನೂ ಇವನ ಕೈಯಲ್ಲೇ ಇತ್ತು. ಹಿಂದೆ ಮುಂದೆ ನೋಡದೆ ಅದನ್ನು ಆಪಿನೊಳಗೆ ಇಡೀ ತುರುಕಿ, ಕೈ ಒರೆಸಿಕೊಂಡು ಏರಿ ಹತ್ತಿದ.

"ನೀವೇನ್ರಿ ಇಲ್ಲಿ?" ಎಂದಳು ಪಾರ್ವತಿಬಾಯಿ.

"ವಾಕಿಂಗ್ ಮಾಡ್ಕೋತ ಹೊಂಟಿದ್ದೆ. ಮೊಸಳಿ ಅಂದ್ರು, ನಿಂತೆ."

"ಶಹಾಪುರದಿಂದ ಇಲ್ಲೀತನ ನಡಕೋತ ಬಂದ್ರೇನು?" ಅವಳ ಕಣ್ಣು ತುಂಬಿ ಬಂದವು. ಪಕ್ಕದ ಮನೆಯ ಬಸವೇಶ್ವರಿಗೆ ಕೇಳಿಸುವಂತೆ, "ನೋಡ್ರಿ ಅಕ್ಕಾರ, ಪ್ರತಿ ಐತಾರ ಹಿಂಗ ನಡೀತಾರ. ನಾ ಇವರಿಗಿ ಏನೇನೋ ಅಂತೀನಿ" ಎಂದು ಗಂಡನಿಗೆ ಮಿರ್ಚಿ ಭಜಿ ಕೊಡಿಸಿದಳು.

ಭಜಿ ಕಚ್ಚುತ್ತ ಜಗದೇವಪ್ಪ ತನ್ನ ಮೊಸಳೆಯನ್ನು ಮನಸಾರೆ ಹರಸಿದ. ಆಪು ಉಳಿಸಿತು, ಮಾನ ಉಳಿಸಿತು, ಮೇಲೆ ಹೆಂಡತಿಯ ಕೈಯಿಂದ ಭಜಿಯನ್ನೂ ತಿನ್ನಿಸಿತು. ಅಷ್ಟರಲ್ಲಿ ಆಪು ಅಲುಗಾಡಿತು.

ಗಾಳಿ ಇರಲಿಲ್ಲ. ಆಪು ಮತ್ತೆ ಅಲುಗಿತು, ಒಳಗಿನಿಂದ, ಏನೋ ಭಾರವಾದದ್ದು ಸರಿದಂತೆ. ಏರಿಯ ಮೇಲೆ ಗದ್ದಲವೆಲ್ಲ ನಿಂತುಹೋಯಿತು. ಜಗದೇವಪ್ಪನ ಬಾಯಲ್ಲಿ ಭಜಿ ಹಾಗೇ ಉಳಿಯಿತು. ತಾನೇ ಹುಟ್ಟಿಸಿದ ಮೊಸಳೆಗೆ ಹೀಗೆ ತಾನೇ ನಡುಗಬೇಕಾದೀತೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

"ಖರೇನೇ ಅದ" ಎಂದು ಪಿಸುಗುಟ್ಟಿದ.

ಖಾಜಾಹುಸೇನ ಮಾತ್ರ ಗಾಬರಿಯಾಗಲಿಲ್ಲ. ಉದ್ದ ಹಗ್ಗಕ್ಕೆ ಕಬ್ಬಿಣದ ಕೊಕ್ಕೆ ಕಟ್ಟಿಸಿ ಅಂತರಗಂಗೆಯ ಹಾಸಿನ ಮೇಲೆ ಎಸೆಸಿದ. ಇನ್ನೊಂದು ತುದಿ ದೋರನಹಳ್ಳಿಯವರ ಟ್ರ್ಯಾಕ್ಟರಿಗೆ. "ಇಡೀ ಹಾಸು ಒಮ್ಮಿಗೇ ಎಳೀರಿ. ಹುಲ್ಲೂ ಹೊರಗ, ಮೊಸಳೀನೂ ಹೊರಗ" ಎಂದ. ಸಂಘದವರು ತಿಂಗಳುಗಟ್ಟಲೆ ಬೇಡಿಕೊಂಡರೂ ಬಾರದ ಜನ ಈಗ ಹೇಳಿಸಿಕೊಳ್ಳದೆಯೇ ಹಗ್ಗಕ್ಕೆ ಕೈ ಹಾಕಿದರು. ಟ್ರ್ಯಾಕ್ಟರು ಗುರುಗುಟ್ಟಿತು. ಮಲಗಿದವನ ಮೈಮೇಲಿನ ಕೌದಿ ಎಳೆದಂತೆ ಅಂತರಗಂಗೆಯ ಹಾಸು, ಅದರ ಬೇರಿಗೆ ಹೆಣೆದುಕೊಂಡ ಆಪಿನ ಸಮೇತ, ಸರ್ರನೆ ಬಿಚ್ಚಿಕೊಂಡು ಬಂತು.

"ಎಳೀಬ್ಯಾಡ್ರೋ ಯಪ್ಪಾ, ನಾ ಮನಷ್ಯಾ ಇದ್ದೀನಿ" ಎಂದಿತು ಮೊಸಳೆ.

ನಡುಮಟ್ಟದ ನೀರಿನಲ್ಲಿ ಒಬ್ಬ ಮುದುಕರು ಎದ್ದು ನಿಂತಿದ್ದರು. ತಲೆಯ ಮೇಲೆ ಅಂತರಗಂಗೆ, ಮೀಸೆಯಲ್ಲಿ ಕೆಸರು, ಎರಡು ಕೈಯಲ್ಲಿ ಎರಡು ಗಾಳ.

"ಅಪ್ಪಾ" ಎಂದಳು ಪಾರ್ವತಿಬಾಯಿ.

ಬಸವಂತ್ರಾಯರೇ. ಜಗದೇವಪ್ಪ ಕಣ್ಣುಜ್ಜಿಕೊಂಡು ನೋಡಿದ. ಅವರ ಎಡಗೈಯಲ್ಲಿದ್ದದ್ದು ತಾನು ತುರುಕಿದ ಗಾಳ. ಬಲಗೈಯಲ್ಲಿದ್ದದ್ದು ಅದಕ್ಕಿಂತ ಒಳ್ಳೆಯ ಗಾಳ, ಎಣ್ಣೆ ಹಚ್ಚಿ ತಿಕ್ಕಿದ ಬೆತ್ತದ್ದು, ಕೊಕ್ಕೆಯಲ್ಲಿ ಇಂಗು ಬೆರೆಸಿದ ಹಿಟ್ಟು ಇನ್ನೂ ಹಸಿಹಸಿ. ಅವನಿಗೆ ಎಲ್ಲ ಅರ್ಥವಾಯಿತು. ಮಾವನೂ ತನ್ನಂಥವರೇ. ಇನ್ನು ಯಾರಿಗೂ ಹೆದರಬೇಕಿಲ್ಲ. ಮದುವೆಯಾದಂದಿನಿಂದ ಅವನಿಗೆ ಮಾವನ ಮೇಲೆ ಅಷ್ಟು ಪ್ರೀತಿ ಉಕ್ಕಿರಲಿಲ್ಲ. ಮುಖ ಅರಳಿಸಿ ನಕ್ಕ.

ಬಸವಂತ್ರಾಯರು ಮಗಳನ್ನು ನೋಡಿದರು, ಜನರನ್ನು ನೋಡಿದರು, ನಗುತ್ತಿದ್ದ ಅಳಿಯನನ್ನು ನೋಡಿದರು. ಎಷ್ಟೋ ಪಂಚಾಯ್ತಿ ಕಂಡ ತಲೆ. ತಲೆಯ ಮೇಲಿನ ಅಂತರಗಂಗೆ ತೆಗೆದು ಬಿಸಾಕಿ ಗಂಟಲು ಸರಿಮಾಡಿಕೊಂಡರು.

"ಹೆಂಗ ಹೇಳ್ಲಿ ಪಾರವ್ವಾ. ನಿನ್ನ ಗಂಡ ಇಲ್ಲಿ ಮೀನ ಹಿಡೀತಾರಂತ ಸುರಪುರತನ ಸುದ್ದಿ ಬಂದಿತ್ತು. ನಾ ನಂಬಲಿಲ್ಲ. ಕಣ್ಣಾರೆ ನೋಡೋಣಂತ ನಸುಕಿನ್ಯಾಗ ಬಂದು ಆಪಿನಾಗ ಕುಂತೆ. ನೋಡವ್ವಾ. ಒಂದಲ್ಲ, ಎರಡು ಗಾಳ."

"ಎರಡಲ್ರಿ" ಎಂದು ಕೂಗಿದ ಜಗದೇವಪ್ಪ. "ನಂದು ಒಂದೇ ಅದ."

ಆಡಿಬಿಟ್ಟ ಮೇಲೆ ನಾಲಿಗೆ ಕಚ್ಚಿಕೊಂಡ. ಖಾಜಾಹುಸೇನ ಗೆಳೆಯನ ನೆರವಿಗೆ ಧಾವಿಸಿದ. "ಹೌದ್ರಿ ಹಿರಿಯರ, ಸಾವ್ಕಾರ್ರು ಸುಳ್ಳು ಹೇಳೋ ಮನಷ್ಯಾ ಅಲ್ಲ. ಎರಡು ವರ್ಷಾತು, ಪ್ರತಿ ಐತಾರ ನೋಡಾಕತ್ತೇನಿ, ಇವರದು ಒಂದೇ ಗಾಳ."

ಪಾರ್ವತಿಬಾಯಿ ಗಂಡನ ಬಿಳಿ ಬೂಟುಗಳನ್ನು ಬಹಳ ಹೊತ್ತು ನೋಡಿದಳು. "ಅದಕ್ಕ ಸಕ್ರಿ ಇಳದಿಲ್ಲ" ಎಂದಳು. ಆಮೇಲೆ ತಂದೆಯ ಕಡೆ ತಿರುಗಿ, "ನಡ್ರಿ ಅಪ್ಪಾ, ಸುರಪುರಕ್ಕ ಹೋಗೋಣ. ನಾ ಇನ್ನ ನಿಮ್ಮ ಹಂತೇಕನೇ ಇರ್ತೀನಿ" ಎಂದಳು.

ಈ ಮಾತಿಗೆ ಅಳಿಯನಿಗಿಂತ ಮಾವನೇ ಹೆಚ್ಚು ಬೆಚ್ಚಿದರು. ಮಗಳು ಬಂದು ಮನೆಯಲ್ಲಿ ಕುಳಿತರೆ ಐತವಾರ ನಸುಕಿನಲ್ಲಿ ಎಲ್ಲಿಗೆ ಹೊರಟಿರಿ ಎಂದು ಕೇಳುವವರೊಬ್ಬರಾದರಲ್ಲ.

"ಹಂಗ ಅವಸರ ಮಾಡಬಾರದವ್ವಾ" ಎಂದರು. "ಮೀನಿಗಿ ನೋವು ಮಾಡ್ಯಾರ, ಮೀನಿನ ಸೇವಾ ಮಾಡಿ ತೀರಸ್ಲಿ. ಐತಾರಕ್ಕೊಮ್ಮಿ ಬಂದು ಈ ಕೆರಿ ಹುಲ್ಲು ಕೀಳ್ಲಿ. ಗಾಳ ಎರಡೂ ನನ್ನ ಹಂತೇಕ ಇರ್ತಾವ. ಇವರ ಮ್ಯಾಲ ಕಣ್ಣಿಡಾಕ ನಾನೇ ಖುದ್ದು ಬಂದು ಕೂಡ್ತೀನಿ. ವಯಸ್ಸಾತು, ತ್ರಾಸಾಗ್ತದ, ಏನ್ ಮಾಡೂದು. ಮಗಳ ಸಲುವಾಗಿ."

ಎಂಥ ಹಿರಿಯರು ಎಂದು ಜನ ಕೊಂಡಾಡಿದರು. ಪುಕ್ಕಟೆ ಆಳು ಸಿಕ್ಕ ಖುಷಿಗೆ ಖಾಜಾಹುಸೇನ ಅಲ್ಲೇ ಬಸವಂತ್ರಾಯರನ್ನು ಸಂಘದ ಗೌರವ ಸದಸ್ಯರನ್ನಾಗಿ ಮಾಡಿ, ಜಗದೇವಪ್ಪನ ಕೈಗೆ ಕುಡುಗೋಲು ಕೊಟ್ಟ. ತಂದೆಗೆ ಒಣ ಪಂಚೆ ತರುತ್ತೇನೆಂದು ಪಾರ್ವತಿಬಾಯಿ ಟಂಟಂ ಹತ್ತಿದಳು. ಮೊಸಳೆ ಇಲ್ಲವೆಂದಾದ ಮೇಲೆ ಉಳಿದವರೂ ಭಜಿ ಮುಗಿಸಿ ಒಬ್ಬೊಬ್ಬರೇ ಕರಗಿದರು.

ಜಗದೇವಪ್ಪ ಬಿಳಿ ಬೂಟು ಬಿಚ್ಚಿಟ್ಟು ನೀರಿಗಿಳಿದ. ಅವನಿಗೆ ನಿಜವಾಗಿಯೂ ಅಳು ಬಂದಿತ್ತು. ಬಸವಂತ್ರಾಯರು ದಂಡೆಗೆ ಬಂದು ಕುಕ್ಕುರುಗಾಲಲ್ಲಿ ಕುಳಿತು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡರು.

"ಎರಡು ವರ್ಷದಿಂದ ಆ ಕಡಿ ಕುಂತು ಕೆಮ್ಮಿ ಕೆಮ್ಮಿ ನನ್ನ ಮೀನ ಓಡಸ್ತಿದ್ದೋರು ನೀವೇ ಏನ್ರಿ?" ಎಂದರು ಮೆಲ್ಲಗೆ. "ಮ್ಯಾಲ ಮೊಸಳಿ ಬ್ಯಾರೆ ಅಂದ್ರಿ. ಒಳಗ ಕುಂತೋನು ಅರ್ಧ ಸತ್ತೆ."

ಜಗದೇವಪ್ಪ ದಂಡೆಗೆ ಉಳಿದಿದ್ದ ಆಪಿನಲ್ಲಿ ಒಂದು ಹಿಡಿ ಕೊಯ್ದ.

"ಅಲ್ಲಿ ಬ್ಯಾಡ್ರಿ ಅಳಿಯಂದ್ರ" ಎಂದು ಮಾವನವರು ಬೆತ್ತದ ಗಾಳಕ್ಕೆ ಹೊಸ ಹಿಟ್ಟು ಸಿಕ್ಕಿಸುತ್ತ ಹೇಳಿದರು. "ಆ ಮೂಲ್ಯಾಗಿನ ಆಪು ಹಂಗ ಬಿಡ್ರಿ. ನನಗ ಕೂಡಾಕ ಬೇಕು."