ನನ್ನ ಹಡಗಿಗೆ ಒಬ್ಬಳೇ ಶತ್ರು

ಹಡಗು ಎಡಕ್ಕೆ ಒಂದು ಬೆಂಕಿಕಡ್ಡಿಯ ದಪ್ಪದಷ್ಟು ವಾಲುತ್ತಿತ್ತು. ಬಚ್ಚಲಿನ ದೊಡ್ಡ ಟಬ್ಬಿನಲ್ಲಿ ತೇಲಿಬಿಟ್ಟು, ಮಂಡಿಯೂರಿ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ನೋಡಿದರೆ ಮಾತ್ರ ಅದು ಕಾಣುವುದು. ಹಾಗೆ ನೋಡುವವಳು ಮನೆಯಲ್ಲಿ ನಾನೊಬ್ಬಳೇ. ಮೀನುಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ತಂದು, ತುಂಡರಿಸಿ, ತಳದ ಬಲಬದಿಗೆ ಅಂಟಿಸಿದೆ. ಬಲಕ್ಕೆ ವಾಲಿತು. ಒಂದು ಚೂರು ಕಿತ್ತೆ. ಪುನಃ ಎಡಕ್ಕೆ. ಕೆಲವರಿಗೆ ಕೆಲಸ ಮುಗಿಸುವುದರಲ್ಲಿ ಸುಖ. ನನ್ನಂಥವರಿಗೆ ಅದು ಮುಗಿಯದಂತೆ ನೋಡಿಕೊಳ್ಳುವುದರಲ್ಲಿ. ಎಂ.ಎಸ್ಸಿ.ಯ ಪ್ರಬಂಧವನ್ನು ನನ್ನ ಮಾರ್ಗದರ್ಶಕರು ಕೈಯಿಂದ ಕಿತ್ತುಕೊಂಡೇ ಬೈಂಡಿಂಗಿಗೆ ಕಳಿಸಿದ್ದರು. ಅದರಲ್ಲಿರುವ ಒಂದು ಅಲ್ಪವಿರಾಮದ ಬಗ್ಗೆ ನನಗೆ ಇಂದಿಗೂ ಸಂಶಯವಿದೆ.

ನಾನು ಕಟ್ಟಿದ್ದು ರಿಮೋಟಿನಿಂದ ನಡೆಯುವ ಯುದ್ಧನೌಕೆ. ಉದ್ದದಲ್ಲಿ ತೊಟ್ಟಿಲಿನಷ್ಟಿದೆ. ಒಳಗಿನ ಪುಟ್ಟ ಸಿಲಿಂಡರಿನ ಅನಿಲದ ಒತ್ತಡಕ್ಕೆ ಅದರ ಫಿರಂಗಿ ಬೇರಿಂಗಿನ ಸಣ್ಣ ಗುಂಡುಗಳನ್ನು ಹಾರಿಸುತ್ತದೆ. ಮೈಗೆ ಹೊದಿಸಿರುವುದು ಬಾಲ್ಸಾ ಎಂಬ ಹಗುರ ಮರದ ಹಾಳೆ. ಎದುರಾಳಿಯ ಗುಂಡು ತೂರಿಹೋಗುವಷ್ಟು ಅದು ತೆಳುವಾಗಿರಲೇಬೇಕು ಎಂಬುದು ಆಟದ ನಿಯಮ. ಒಳನುಗ್ಗಿದ ನೀರನ್ನು ಹೊರಹಾಕಲು ಒಂದು ಪಂಪು ಇರುತ್ತದೆ. ಮೊದಲು ಮುಳುಗಿದವರು ಸೋತಂತೆ. ಇಷ್ಟನ್ನೂ ಅಮ್ಮನಿಗೆ ವಿವರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ತೂತು ಮಾಡಿಸಿಕೊಳ್ಳಲಿಕ್ಕೆ ಇಷ್ಟು ಚಂದದ ಪೈಂಟ್ ಎಂತಕ್ಕೆ ಮಗಾ?" ನಾನು ಎರಡನೇ ಕೋಟ್ ಹಚ್ಚಲು ಹೋದೆ.

ಯುದ್ಧನೌಕೆಗೆ ಶತ್ರು ಬೇಕು. ಇಡೀ ಮಂಗಳೂರಿನಲ್ಲಿ ನನಗಿರುವ ಶತ್ರು ಒಬ್ಬಳೇ, ಕಾಲೇಜಿನಲ್ಲಿ ಜೊತೆಗಿದ್ದ ನೌಶೀನ್. ಕಂಕನಾಡಿಯಲ್ಲಿ ತಂದೆಯ ಹಾರ್ಡ್‌ವೇರ್ ಅಂಗಡಿ ನೋಡಿಕೊಳ್ಳುತ್ತಾಳೆ. ಅಂಗಡಿಯಲ್ಲಿ ಮಿಕ್ಕಿದ ಸಾಮಾನಿನಿಂದ ಹುಟ್ಟಿದ ಅವಳ ಹಡಗು, ಒಂದು ಭುಜಕ್ಕೆ ಚೀಲ ನೇತುಹಾಕಿಕೊಂಡು ಸಂತೆಯಿಂದ ಬರುವವರ ಹಾಗೆ ನೀರಿನಲ್ಲಿ ನಡೆಯುತ್ತದೆ. ಮಾತು ಕಡಿಮೆಯಾದ ನನಗೆ ಗೆಳತಿಯೂ ಅವಳೊಬ್ಬಳೇ. ಎರಡೂ ಹುದ್ದೆಗಳನ್ನು ಒಬ್ಬಳೇ ನಿಭಾಯಿಸುತ್ತಾಳೆ.

ವಾಲುವಿಕೆಯ ನೆಪದಲ್ಲಿ ನಾನು ಯುದ್ಧವನ್ನು ವಾರದಿಂದ ವಾರಕ್ಕೆ ಮುಂದೂಡುತ್ತಲೇ ಬಂದೆ. ಕೊನೆಗೆ ಅವಳ ಫೋನು ಬಂತು.

"ಇನ್ನೂ ವಾಲ್ತಾ ಉಂಟಾ?"

"ಸ್ವಲ್ಪ."

"ನೋಡು ಮಾರಾಯ್ತಿ, ಕಾವೂರಿನ ಮಾಮಿ ನನ್ನ ಹಡಗು ಕೇಳ್ತಿದ್ದಾರೆ, ಶೋಕೇಸಲ್ಲಿ ಇಡ್ಲಿಕ್ಕೆ. ಈ ಆದಿತ್ಯವಾರ ನೀನು ಬರದಿದ್ರೆ ಕೊಟ್ಟೇಬಿಡ್ತೇನೆ. ಕೆರೆಯಲ್ಲಿ ಒಬ್ಬಳೇ ಸುತ್ತಿ ಸುತ್ತಿ ನನಗೂ ಸಾಕಾಯ್ತು."

ಫೋನಿಟ್ಟ ಮೇಲೆ ಯೋಚಿಸಿದೆ. ಅವಳ ಹಡಗು ಶೋಕೇಸಿಗೆ ಹೋದರೆ ನನ್ನದೂ ಶೋಕೇಸಿಗೇ. ಹಡಗು ಹೋಗಲಿ, ಆದಿತ್ಯವಾರಗಳನ್ನು ಎಲ್ಲಿಡುವುದು?

ಹೋದೆ. ಶಕ್ತಿನಗರದಲ್ಲಿ ಅವಳ ಪರಿಚಯದವರ ಹಿತ್ತಿಲಿನ ಕೆರೆ, ಸೊಂಟದ ಮಟ್ಟದ ನೀರು. ಗುಂಡು ಕಣ್ಣಿಗೆ ಸಿಡಿಯದಿರಲೆಂದು ಅಂಗಡಿಯಿಂದ ತಂದ ಸುರಕ್ಷತಾ ಕನ್ನಡಕಗಳನ್ನು ಇಬ್ಬರೂ ಹಾಕಿಕೊಂಡೆವು. ನನ್ನ ಹಡಗು ಗೆರೆ ಎಳೆದಂತೆ ಸಾಗಿತು. ಅವಳದು ಹತ್ತಿರ ಬಂದಾಗಲೆಲ್ಲ ನನ್ನ ಬೆರಳು ತಾನಾಗಿ ಚುಕ್ಕಾಣಿ ತಿರುಗಿಸುತ್ತಿತ್ತು. ಆ ಪೈಂಟಿನ ಮೇಲೆ ಒಂದು ಗುಂಡೂ ಬೀಳಬಾರದಲ್ಲ. ಹೀಗೆ ಕೆರೆಯ ಸುತ್ತ ಓಡಿದ್ದೇ ಓಡಿದ್ದು.

"ಇದೆಂತ ಯುದ್ಧವಾ, ಮದುವೆ ದಿಬ್ಬಣವಾ?" ನೌಶೀನ್ ಆಚೆ ದಡದಿಂದ ಕೂಗಿದಳು. ಆಮೇಲೆ ನಗು ನಿಲ್ಲಿಸಿ, "ಬೇಡ ಬಿಡು. ಮಾಮಿಗೇ ಕೊಡ್ತೇನೆ" ಎಂದು ಹಡಗನ್ನು ದಡದತ್ತ ತಿರುಗಿಸಿದಳು.

ಆ ಹಡಗಿನ ಬೆನ್ನು ಕಂಡದ್ದೇ ನನಗೇನಾಯಿತೋ. ನನ್ನದನ್ನು ನೇರ ನುಗ್ಗಿಸಿ ಗುಂಡು ಹಾರಿಸಿದೆ. ಅವಳ ಹಡಗಿನ ಹಿಂಭಾಗ ಟಪ್ಪೆಂದಿತು. "ಅಬ್ಬಾ, ಬಂತಾ ಜೀವ!" ಎಂದು ಕಿರುಚಿದವಳೇ ತಿರುಗಿ ನಿಂತಳು. ಮುಂದಿನ ಕೆಲವು ನಿಮಿಷ ನಾನು ಪೈಂಟನ್ನು ಮರೆತಿದ್ದೆ. ಕೊನೆಗೆ ನನ್ನ ಹಡಗು ಕೂದಲೆಳೆಯಷ್ಟೂ ವಾಲದೆ, ಲಿಫ್ಟಿನಲ್ಲಿ ಇಳಿಯುವವರಂತೆ ನೆಟ್ಟಗೆ ತಳ ಸೇರಿತು. ನನ್ನ ಅಷ್ಟೂ ದಿನದ ಶ್ರಮಕ್ಕೆ ಸಾಕ್ಷಿಯಾದದ್ದು ಆ ಮುಳುಗುವಿಕೆಯೊಂದೇ.

ನೌಶೀನ್ ನೀರಿಗಿಳಿದು ಅದನ್ನು ಎತ್ತಿಕೊಟ್ಟಳು. ಅವಳದು ಮುಳುಗಿರಲಿಲ್ಲ, ಆದರೆ ಪಂಪು ಸುಟ್ಟುಹೋಗಿತ್ತು. "ಇದು ಇಲ್ಲಿ ಎಲ್ಲಿ ಸಿಗ್ತದೆ? ತರಿಸುವಾಗ ತಿಂಗಳು ಕಳೀತದೆ. ನೋಡುವ, ಮಾಮಿ ಹೇಗೂ ಕೇಳ್ತಿದ್ದಾರೆ" ಎಂದಳು. ಗೆದ್ದವಳ ದನಿಯಲ್ಲ ಅದು. ಏನಾದರೂ ಹೇಳಬೇಕಿತ್ತು. ಅಂಥ ಮಾತುಗಳು ನನಗೆ ಬಸ್ಸು ಹತ್ತಿದ ಮೇಲೇ ಹೊಳೆಯುವುದು.

ಮರುದಿನ ಬೆಳಿಗ್ಗೆ ಆಫೀಸಿಗೆ ಹೋಗುವ ಮೊದಲು ಕಂಕನಾಡಿಯಲ್ಲಿ ಇಳಿದೆ. ನೌಶೀನ್ ಆಗಷ್ಟೇ ಶಟರ್ ಎತ್ತುತ್ತಿದ್ದಳು. ನನ್ನ ಹಡಗಿನಿಂದ ಬಿಚ್ಚಿದ ಪಂಪನ್ನು ಕೌಂಟರಿನ ಮೇಲಿಟ್ಟೆ.

"ನಿನಗೆ ಮರ್ಲಾ, ತಲೆ ಸರಿ ಉಂಟಾ? ಶತ್ರುವಿಗೆ ಯಾರಾದ್ರೂ ಪಂಪು ಕೊಡ್ತಾರಾ?" ಅಂದಳು. ಮತ್ತೆ ಪಂಪನ್ನು ಕೈಗೆತ್ತಿಕೊಂಡು, "ನಿನ್ನ ಹತ್ರ ಬೇರೆ ಉಂಟಲ್ಲ?"

ಇದ್ದದ್ದು ಅದೊಂದೇ ಪಂಪು. ಯುದ್ಧ ಮುಂದೂಡಲು ನನ್ನಲ್ಲಿ ಮೊದಲ ಬಾರಿಗೆ ಒಂದು ನಿಜವಾದ ಕಾರಣವಿತ್ತು.

"ಉಂಟು. ಆದಿತ್ಯವಾರ ಬರ್ತೇನೆ" ಎಂದು ಹೇಳಿ ಬಸ್ಸು ಹತ್ತಿದೆ.